ಮದುಮಗನ ಗಾಡಿಗೆ ನಾನು ಪಾಲಿಶ್ ಹೊಡೆದದ್ದು

ಕೆಲವರು ಮುಟ್ಟಿದ್ದೆಲ್ಲ ಚಿನ್ನವಾಗುತ್ತದಂತೆ. ನಾನು ಮುಟ್ಟಿದ್ದೆಲ್ಲ ಓಣಿಯವರಿಗೆ ಮಾತಾಡಿಕೊಳ್ಳಲು ಒಂದು ವಿಷಯವಾಗುತ್ತದೆ. ಹೋದ ವರ್ಷ ನೀರಿನ ತೊಟ್ಟಿ ತೊಳೆಯುತ್ತೇನೆಂದು ಒಳಗಿಳಿದು, ಮೇಲೆ ಹತ್ತಲಾರದೆ ಮಧ್ಯಾಹ್ನದ ಊಟವನ್ನು ಅಲ್ಲೇ ಕೂತು ಮುಗಿಸಿದ್ದೆ. ಈ ವರ್ಷದ ಸರದಿ ಕಾರಿನದು.

ಮಂಡಿಪೇಟೆಯಲ್ಲಿ ನನ್ನದು ಒಣಮೆಣಸಿನಕಾಯಿಯ ಸಗಟು ಅಂಗಡಿ. ಮನೆ ಪಿ.ಜೆ. ಬಡಾವಣೆಯಲ್ಲಿ. ಕೊಂಡಾಗ ನನ್ನ ಕಾರು ಒಳ್ಳೆ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಕಡುಗೆಂಪಗಿತ್ತು. ಬಿಸಿಲಿಗೆ ನಿಂತು ನಿಂತು ಹಳೇ ಇಟ್ಟಿಗೆಯ ಬಣ್ಣಕ್ಕೆ ಬಂತು. ನನಗೆ ಅದರಿಂದ ಯಾವ ಬೇಜಾರೂ ಇರಲಿಲ್ಲ. ಬೇಜಾರು ಶುರುವಾದದ್ದು ನನ್ನ ಹೆಂಡತಿಯ ತಮ್ಮನ ಮದುವೆ ಗೊತ್ತಾದ ಮೇಲೆ.

ಹೆಂಡತಿಯ ತವರು ಕೊಕ್ಕನೂರು. ಮದುವೆ ಹರಿಹರದ ಕಲ್ಯಾಣ ಮಂಟಪದಲ್ಲಿ. ಊರಿನಿಂದ ಮಂಟಪಕ್ಕೆ ಮದುಮಗ ಹಿರಿ ಅಳಿಯನ ಗಾಡಿಯಲ್ಲೇ ಹೋಗಬೇಕು ಎನ್ನುವುದು ಆ ಮನೆಯ ಪದ್ಧತಿ. ಹಿರಿ ಅಳಿಯ ನಾನು. ಆದರೆ ಹರಿಹರದಲ್ಲಿರುವ ಕಿರಿ ಅಳಿಯ, ಅಂದರೆ ನನ್ನ ಷಡ್ಡಕ, ಆಗತಾನೆ ಒಂದು ಉದ್ದನೆಯ ಬಿಳಿ ಕಾರು ಕೊಂಡಿದ್ದ. ಅತ್ತೆ ಫೋನಿನಲ್ಲಿ ಮೆಲ್ಲಗೆ ವಿಷಯ ತೆಗೆದರು.

"ಅಳಿಯಂದ್ರೆ, ಪದ್ಧತಿ ಪ್ರಕಾರ ನಿಮ್ ಗಾಡೀನೇ. ಆದ್ರೆ ಮದುವಿ ಮನಿ ಅಲ್ರಿ, ನಾಕು ಜನ ನೋಡ್ತಾರೆ. ನಿಮ್ದು ಸ್ವಲ್ಪ ಕಳೆಗುಂದೈತೆ. ಆವತ್ತು ನೋಡಿ ಹೇಳಾಣ ಬಿಡ್ರಿ."

ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳಿದ ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಘೋಷಿಸಿದಳು: "ನನ್ ತಮ್ಮ ನಮ್ ಗಾಡಿ ಹತ್ಲಿಲ್ಲ ಅಂದ್ರೆ ನಾನು ಆ ಮದುವಿ ಊಟಕ್ಕೆ ಕೂಡಂಗಿಲ್ಲ. ನೀವೂ ಕೂಡಂಗಿಲ್ಲ."

ನನ್ನ ಊಟದ ಪ್ರಶ್ನೆ ಬಂದಾಗ ನಾನು ಸುಮ್ಮನಿರುವ ಮನುಷ್ಯನಲ್ಲ. ಅಂದೇ ಆನ್‌ಲೈನಿನಲ್ಲಿ ಪಾಲಿಶ್ ಮಷಿನ್ ತರಿಸಲು ಹಾಕಿದೆ.

ಓಣಿಗೆಲ್ಲ ಸೀನು

ಮಷಿನ್ ನೋಡಲು ಸೌಮ್ಯವಾಗಿತ್ತು. ಒಂದು ಹಿಡಿಕೆ, ತುದಿಗೆ ಉಣ್ಣೆಯ ದುಂಡನೆ ಮೆತ್ತೆ, ಅದು ಗಿರಗಿರ ತಿರುಗುತ್ತದೆ, ಅಷ್ಟೆ. ಮೊಬೈಲಿನ ವಿಡಿಯೋದಲ್ಲಿ ಒಬ್ಬ "ಮೊದಲು ಗಾಡಿಯನ್ನು ಚೆನ್ನಾಗಿ ತೊಳೆಯಿರಿ" ಎಂದ. ಇವನೇನು ನನಗೆ ಹೇಳುವುದು ಎಂದು ಅಷ್ಟನ್ನು ಮುಂದೆ ಓಡಿಸಿದೆ. ಹಿಂದಿನ ಡಿಕ್ಕಿಯಿಂದ ಶುರು ಮಾಡೋಣ, ಕೈ ಪಳಗುತ್ತದೆ ಎಂದುಕೊಂಡು ಗುಂಡಿ ಒತ್ತಿದೆ.

ಆ ಡಿಕ್ಕಿಯಲ್ಲಿ ನಾನು ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೊತ್ತಿದ್ದೆ. ಸಂದುಗೊಂದಿನಲ್ಲಿ ಕೂತಿದ್ದ ಖಾರದ ಧೂಳೆಲ್ಲ ಒಂದೇ ಸಲಕ್ಕೆ ಎದ್ದು ನಿಂತಿತು. ನಾನು ಸೀನಿದೆ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಸೀನಿದರು. ಸೊಪ್ಪು ಮಾರುವವಳು ಬುಟ್ಟಿ ಇಳಿಸಿಟ್ಟು ಸಾವಧಾನವಾಗಿ ಸೀನಿದಳು. ಗಾಳಿ ಪಕ್ಕದ ಕ್ಲಿನಿಕ್ಕಿನ ಕಡೆ ಬೀಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದರು. "ಏನ್ರಿ ಇದು? ಮೊಣಕಾಲು ನೋವು ಅಂತ ಬಂದೋರೂ ಸೀನ್ತಾ ಕೂತಾರೆ!"

ನಾನು ಕ್ಷಮೆ ಕೇಳುವಷ್ಟರಲ್ಲಿ ಒಳಗಿನಿಂದ ಒಬ್ಬ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಬಂದು ಡಾಕ್ಟರಿಗೆ ಕೈ ಮುಗಿದಳು. "ವಾರದಿಂದ ಮೂಗು ಕಟ್ಟಿತ್ತಪ್ಪ. ನಿನ್ ಬಾಗ್ಲಾಗ ಕೂತಿದ್ದಕ್ಕೇ ಬಿಡ್ತು ನೋಡು. ಕೈಗುಣ ಅಂದ್ರೆ ಇದು."

ಅಜ್ಜಿ ಓಣಿ ದಾಟುವವರೆಗೂ ಡಾಕ್ಟರು ತಿರುಗಿ ಕೈ ಮುಗಿದೇ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ನಾಳೆನೂ ಮಾಡ್ತೀರಾ?"

ಮಷಿನ್ ಲುಂಗಿ ಉಟ್ಟಿತು

ಮರುದಿನ ಗಾಡಿ ತೊಳೆದೆ. ಲುಂಗಿ, ಬನಿಯನ್ ಹಾಕಿಕೊಂಡು ಬಾನೆಟ್ಟಿನ ಮುಂದೆ ನಿಂತೆ. ಮೆತ್ತೆಗೆ ಪಾಲಿಶ್ ಹಾಕಿ, ಮೊದಲು ಗಾಡಿಯ ಮೇಲೆ ಹರಡಿ, ಆಮೇಲೆ ಮಷಿನ್ ಚಾಲೂ ಮಾಡಬೇಕಂತೆ. ನಾನು ಚಾಲೂ ಮಾಡಿ ಆಮೇಲೆ ಹರಡಲು ಹೋದೆ. ಪಾಲಿಶ್ ತಾನಾಗಿಯೇ ಹರಡಿಕೊಂಡಿತು. ಗೋಡೆಗೆ, ತುಳಸಿಕಟ್ಟೆಗೆ, ನಮ್ಮ ಗೇಟಿನ ಹತ್ತಿರ ನಿಂತು ಪೇಪರ್ ಓದುತ್ತಿದ್ದ ಹೆಡ್‌ಮಾಸ್ತರರ ಮುಖಕ್ಕೆ. ಅವರು ಗಡ್ಡಕ್ಕೆ ಸೋಪು ಬಳಿದುಕೊಂಡು ಕ್ಷೌರಕ್ಕೆ ಕೂತವರಂತೆ ಕಾಣುತ್ತಿದ್ದರು.

ಅವರ ಕಡೆ ತಿರುಗಿ "ಮೇಷ್ಟ್ರೆ, ತಪ್ಪಾಯ್ತು" ಎನ್ನುವಾಗ ಮಷಿನ್ ನನ್ನ ಕಡೆ ತಿರುಗಿತ್ತು. ಲುಂಗಿಯ ಅಂಚು ಮೆತ್ತೆಗೆ ಸಿಕ್ಕಿತು. ಒಂದೇ ಗಳಿಗೆ. ಪಿ.ಜೆ. ಬಡಾವಣೆಯ ನಡುಬೀದಿಯಲ್ಲಿ ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿದ್ದೆ. ನನ್ನ ಲುಂಗಿಯನ್ನು ಮಷಿನ್ ಉಟ್ಟುಕೊಂಡು ಬಾನೆಟ್ಟಿನ ಮೇಲೆ ಬುಗುರಿ ಆಡುತ್ತಿತ್ತು. ಕೈ ನೋಯಬಾರದೆಂದು ಗುಂಡಿಯನ್ನು ಒತ್ತಿಯೇ ಇರುವಂತೆ ಲಾಕ್ ಮಾಡಿದ್ದೆ, ಹಾಗಾಗಿ ಅದು ನಿಲ್ಲುವ ಲಕ್ಷಣ ಕಾಣಲಿಲ್ಲ.

"ಮೇಷ್ಟ್ರೆ, ಒಳಗೆ ಸ್ವಿಚ್ ಆರಿಸ್ರಿ!" ಎಂದು ಕೂಗಿದೆ.

ಪಾಪ, ಅವರು ಆ ಮುಖದಲ್ಲೇ ಒಳಗೆ ಓಡಿದರು. ಯಾವ ಸ್ವಿಚ್ ಎಂದು ನಾನು ಹೇಳಿರಲಿಲ್ಲ. ಫ್ಯಾನ್ ನಿಂತಿತು. ಮಿಕ್ಸಿ ನಿಂತಿತು. ಟಿವಿ ನಿಂತಾಗ ಹೆಂಡತಿ ಅಡುಗೆಮನೆಯಿಂದ ಬಂದು, ಹಾಲಿನಲ್ಲಿ ಬಿಳಿ ಮುಖದ ಯಾರೋ ಗೋಡೆ ತಡಕಾಡುತ್ತಿರುವುದನ್ನು ನೋಡಿ ಕಿಟಾರನೆ ಕಿರುಚಿದಳು. ಕೊನೆಗೆ ಮೇಷ್ಟ್ರು ಮೇನ್ ಸ್ವಿಚ್ಚನ್ನೇ ಎಳೆದರು.

ಹೆಂಡತಿ ಹೊರಗೆ ಬಂದು ನನ್ನ ಚಡ್ಡಿ ನೋಡಿದಳು. ಚಿಂದಿಯಾದ ಲುಂಗಿ ನೋಡಿದಳು. ಬಯ್ಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಅವಳು ಬಾನೆಟ್ಟಿಗೆ ಬಗ್ಗಿ ನೋಡಿ ಹೇಳಿದಳು: "ರೀ, ಲುಂಗಿ ಸುತ್ತಿದ್ ಜಾಗ ಎಷ್ಟ್ ಚಂದ ಹೊಳಿತೈತೆ ನೋಡ್ರಿ! ಇನ್ನೊಂದು ಲುಂಗಿ ತರ್ಲಾ?"

ಅರ್ಧ ಹೊಸ ಗಾಡಿ

ಅಂತೂ ಮಷಿನ್ ಹತೋಟಿಗೆ ಬಂತು. ಪ್ಯಾಂಟು ಹಾಕಿಕೊಂಡು ಬಲಗಡೆಯನ್ನೆಲ್ಲ ಮುಗಿಸಿದೆ. ಒಳಗಿನಿಂದ ಆ ಹಳೇ ಕೆಂಪು ಎದ್ದು ಬಂದಾಗ ಹೆಂಡತಿಯನ್ನು ಎರಡು ಸಲ ಕರೆದು ತೋರಿಸಿದೆ. ಎಡಗಡೆಗೆ ಬರುವಷ್ಟರಲ್ಲಿ ಕರೆಂಟು ಹೋಯಿತು, ಸಂಜೆಯವರೆಗೂ ಬರುವುದಿಲ್ಲವೆಂದು ತಿಳಿಯಿತು. ಅಂಗಡಿಗೆ ಮಾಲು ಬರುವುದಿತ್ತು. ಹಾಗೇ ಗಾಡಿ ತೆಗೆದುಕೊಂಡು ಮಂಡಿಪೇಟೆಗೆ ಹೋದೆ.

ನಮ್ಮ ಬೀದಿಯಲ್ಲಿ ಬಲಕ್ಕೆ ಬೆಲ್ಲದ ವ್ಯಾಪಾರಿ, ಎಡಕ್ಕೆ ಹಗ್ಗದ ವ್ಯಾಪಾರಿ. ಎದುರುಬದುರು ಅಂಗಡಿ, ಬಹಳ ದಿನದ ಸ್ನೇಹ. ನಾನು ಹಾದುಹೋದ ತಕ್ಷಣ ಬೆಲ್ಲದವರು, "ನೋಡ್ರಿ, ಖಾರದ ಸಾವ್ಕಾರ್ರು ಹೊಸ ಗಾಡಿ ತಗಂಡಾರೆ, ಒಂದು ಪೇಡೆ ಸೈತ ಕೊಡ್ಲಿಲ್ಲ" ಎಂದರು. ಹಗ್ಗದವರು ನಕ್ಕು, "ಯಾವ ಹೊಸದ್ರಿ? ಅದೇ ಹಳೇ ಡಬ್ಬ. ಕಣ್ ತೋರಿಸ್ಕಳ್ರಿ" ಎಂದರು. ಮಾತಿಗೆ ಮಾತು ಬೆಳೆದು, ಸೋತವರು ಇಡೀ ಬೀದಿಗೆ ಚಹಾ ಕುಡಿಸಬೇಕೆಂದು ಪಂಥ ಕಟ್ಟಿದರು.

ಅಷ್ಟರಲ್ಲಿ ನಾನು ಬೀದಿಯ ತುದಿಯಲ್ಲಿ ಗಾಡಿ ತಿರುಗಿಸಿಕೊಂಡು ವಾಪಸ್ ಬಂದೆ. ಈಗ ಹೊಳೆಯುವ ಕಡೆ ಹಗ್ಗದವರಿಗೆ, ಇಟ್ಟಿಗೆ ಕಡೆ ಬೆಲ್ಲದವರಿಗೆ.

"ಅಲ್ರಿ, ನೀವು ಹೇಳಿದ್ದೇ ಖರೆ, ಹೊಸದೇ ಐತೆ" ಎಂದರು ಹಗ್ಗದವರು.

"ಇಲ್ರಿ, ನಿಮ್ದೇ ಖರೆ, ಹಳೇದು" ಎಂದರು ಬೆಲ್ಲದವರು.

ಇಬ್ಬರೂ ಸೋತೆವೆಂದು ಒಪ್ಪಿಕೊಂಡರೂ ಜಗಳ ಮಾತ್ರ ಮುಗಿಯಲಿಲ್ಲ. ನಾನು ಗಾಡಿ ನಿಲ್ಲಿಸಿ ಇಳಿದಾಗ ನಮ್ಮ ಹಮಾಲಿ ಅದನ್ನು ಒಂದು ಸುತ್ತು ಹಾಕಿ ಬಂದು, ಕಾಳಜಿಯಿಂದ ಹೇಳಿದ: "ಸಾವ್ಕಾರ್ರೆ, ಒಂದ್ ಗಾಡಿ ಮಾರಿಬಿಡ್ರಿ. ಮನ್ಯಾಗ ಇರೋದು ಗಂಡ ಹೆಂಡ್ತಿ ಇಬ್ರು, ಎರಡೆರಡು ಯಾಕ ಬೇಕು?"

ಬೆಕ್ಕು

ಕರೆಂಟು ಬಂದ ಮೇಲೆ ಎಡಗಡೆಯನ್ನೂ ಮುಗಿಸಿದೆ. ಪಾಲಿಶ್ ಆದ ಮೇಲೆ ಮೇಣ ಹಚ್ಚಬೇಕು. ತೆಳ್ಳಗೆ ಒಂದು ಪದರ ಸಾಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂದೇ ಪದರ ಹಚ್ಚಿದರೆ ಮದುವೆ ಮನೆಯವರು ನನ್ನನ್ನು ಜಿಪುಣ ಅನ್ನುವುದಿಲ್ಲವೇ? ಡಬ್ಬಿ ಖಾಲಿಯಾಗುವವರೆಗೆ ಹಚ್ಚಿದೆ. ಉಳಿದದ್ದನ್ನು ಹಿಂದಿನ ಗಾಜಿಗೂ ಬಳಿದೆ. ಒರೆಸಿ ನೋಡಿದರೆ ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು. ಮುಖ ಸುಮಾರಾಗಿತ್ತು, ಬಾನೆಟ್ಟು ಚೆನ್ನಾಗಿತ್ತು.

ಓಣಿಯ ಬೆಕ್ಕೊಂದು ದಿನಾ ಆ ಬಾನೆಟ್ಟಿನ ಮೇಲೆ ಮಲಗುತ್ತಿತ್ತು. ಅಂದೂ ಎಂದಿನಂತೆ ಜಿಗಿಯಿತು. ಜಿಗಿದ ರಭಸಕ್ಕೆ ಈ ಕಡೆಯಿಂದ ಜಾರಿ ಆ ಕಡೆ ನೆಲಕ್ಕೆ ಬಂದು ಕೂತಿತು. ತಾನು ಬರಬೇಕೆಂದಿದ್ದದ್ದು ಅಲ್ಲಿಗೇ ಎಂಬಂತೆ ಮುಖ ತೊಳೆದುಕೊಂಡಿತು.

"ಇದರ ಮ್ಯಾಲೆ ಇನ್ನು ಏನೂ ನಿಲ್ಲಂಗಿಲ್ಲ ಬಿಡ್ರಿ" ಎಂದರು ಹೆಡ್‌ಮಾಸ್ತರರು.

ಹೊಗಳಿಕೆ ಎಂದು ತಿಳಿದು ನಾನು ಅವರಿಗೆ ಕಾಫಿ ಕೊಡಿಸಿದೆ.

ಒಲ್ಲೆ ಅಂದ ಗಾಡಿ

ಮದುವೆಯ ದಿನ ಹರಿಹರ ದಾಟಿ ಕೊಕ್ಕನೂರಿಗೆ ಹೊರಟೆವು. ದಾರಿಯುದ್ದಕ್ಕೂ ಹೆಂಡತಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟು ಗಾಡಿಯನ್ನೇ ನೋಡುತ್ತಿದ್ದಳು. ಊರ ಹೊರಗೆ ನಿಲ್ಲಿಸಿ, ಕೂತ ಧೂಳನ್ನು ಇಬ್ಬರೂ ಸೇರಿ ಒರೆಸಿದೆವು. ಮನೆ ಮುಂದೆ ನಿಲ್ಲಿಸಿದಾಗ ಚಪ್ಪರದ ಕೆಳಗಿದ್ದವರೆಲ್ಲ ಎದ್ದು ಬಂದರು. ಷಡ್ಡಕನ ಬಿಳಿ ಕಾರು ಪಕ್ಕದಲ್ಲೇ ಇತ್ತು. ಬೆಳಗಿನಿಂದ ಬಾಳೆಎಲೆ, ತರಕಾರಿ ಹೊತ್ತು ಮಣ್ಣಾಗಿ ನಿಂತಿತ್ತು.

"ಏನ್ರಿ ಅಣ್ಣೋರೆ, ಹೊಸದು ತಗಂಡ್ರಾ?" ಎಂದು ಷಡ್ಡಕ ಕೇಳಿದ. ಆ ಒಂದು ಮಾತಿಗೆ ನನ್ನ ಲುಂಗಿಯ ದುಃಖ ಮರೆತೇಹೋಯಿತು. "ಹಿರಿ ಅಳಿಯಂದ್ರ ಗಾಡೀನೇ ಆಗ್ಲಿ" ಎಂದು ಅತ್ತೆ ಎಲ್ಲರೆದುರು ಹೇಳಿದರು. ಹೆಂಡತಿ ತನ್ನ ತಂಗಿಯ ಕಡೆ ನೋಡಿದ ನೋಟ ನಾನು ಮರೆಯಲಾರೆ.

ಹೂವಿನವನು ಹಿಂದಿನ ಗಾಜಿಗೆ ಮದುಮಕ್ಕಳ ಹೆಸರಿನ ಥರ್ಮಾಕೋಲ್ ಅಂಟಿಸಿದ. ಮದುಮಗನ ಹೆಸರು ಮೆಲ್ಲಗೆ ಜಾರಿ ಕೆಳಗೆ ಬಂತು. ಹಿಂದೆಯೇ ಮದುಮಗಳ ಹೆಸರೂ ಬಂತು. "ಈಗಲೇ ಗಂಡನ ಹಿಂದೆ ಹೊಂಟಾಳೆ, ಚಲೋ ಆತು" ಎಂದು ಯಾರೋ ನಕ್ಕರು. ನನಗೆ ಬೆಕ್ಕು ನೆನಪಾಯಿತು.

ಅತ್ತೆ ತಟ್ಟೆ ಹಿಡಿದು ಬಂದರು. ಆ ಮನೆಯಲ್ಲಿ ಎತ್ತು, ಟ್ರ್ಯಾಕ್ಟರ್, ಹೊಸ ಗ್ಯಾಸ್ ಒಲೆ, ಯಾವುದೇ ಇರಲಿ, ಮೂರು ಗೆರೆ ವಿಭೂತಿ ಬೀಳದೆ ಹೆಜ್ಜೆ ಮುಂದಿಡುವುದಿಲ್ಲ. ಅವರು ನೀರಿನಲ್ಲಿ ವಿಭೂತಿ ಕಲಸಿ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದರು. ಗೆರೆಗಳು ಹನಿಹನಿಯಾಗಿ ಒಡೆದು, ಸಾಲಾಗಿ ಉರುಳಿ, ನಂಬರ್ ಪ್ಲೇಟ್ ದಾಟಿ ನೆಲಕ್ಕೆ ಬಿದ್ದವು. ಅತ್ತೆ ಮತ್ತೆ ಎಳೆದರು. ಮತ್ತೆ ಉರುಳಿದವು. ಕುಂಕುಮದ ಬೊಟ್ಟಂತೂ ಅವರ ಬೆರಳು ಬಿಡುವ ಮೊದಲೇ ಹೊರಟಿತು.

ವಾದ್ಯದವರು ಊದುವುದನ್ನು ನಿಲ್ಲಿಸಿದರು. ಕಟ್ಟೆಯ ಮೇಲಿದ್ದ ಊರಿನ ಹಿರಿಯಜ್ಜ ಕೋಲೂರಿ ಬಂದು, ಬಗ್ಗಿ ನೋಡಿ, ತೀರ್ಪು ಹೇಳಿದ: "ಎಮ್ಮಿ ಸೈತ ಸುಮ್ನೆ ನಿಂತು ಹಚ್ಚಿಸ್ಕಂತೈತೆ. ವಿಭೂತಿ ಒಲ್ಲೆ ಅಂದ ಗಾಡಿ ನಾನು ಇದೇ ಮೊದ್ಲು ನೋಡಿದ್ದು."

"ಅತ್ತೇರೆ, ಅದು ಮೇಣ. ನೀರು ನಿಲ್ಲಬಾರ್ದು ಅಂತ್ಲೇ ಹಚ್ಚೋದು" ಎಂದೆ.

"ನೀರು ನಿಲ್ಲದಿದ್ರೆ ಬ್ಯಾಡ ಬಿಡ್ರಿ. ವಿಭೂತಿ ನಿಲ್ಲದಿದ್ರೆ ಹೆಂಗೆ? ಇದರಾಗ ನನ್ ಮಗನ್ನ ಕಳ್ಸಂಗಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

ಅತ್ತೆ ಷಡ್ಡಕನ ಕಾರಿನ ಮೇಲೆ ಮೂರು ಬೆರಳು ಎಳೆದರು. ಆ ಮಣ್ಣಿನ ಮೇಲೆ ವಿಭೂತಿ ಗೋಡೆಗೆ ಸುಣ್ಣ ಬಳಿದ ಹಾಗೆ ಕೂತಿತು. ಜನ ಆ ಕಡೆ ಸರಿದರು. ಮದುಮಗ ಪಾಪ, ಎರಡು ಗಾಡಿಯ ನಡುವೆ ಬಾಸಿಂಗ ಹಿಡಿದು ನಿಂತಿದ್ದ. ಮುಹೂರ್ತ ಮೀರುತ್ತದೆಂದು ಮಾವ ಕೈ ಬೀಸುತ್ತಿದ್ದರು. ನನ್ನ ಹೊಟ್ಟೆ ಹಸಿದಿತ್ತು, ಊಟ ಕೈ ತಪ್ಪುತ್ತಿತ್ತು.

ಆಗ ನನ್ನ ಹೆಂಡತಿ ರೇಷ್ಮೆ ಸೀರೆಯಲ್ಲೇ ಹಿತ್ತಲಿಗೆ ಓಡಿದಳು. ಬರುವಾಗ ಒಂದು ಕೈಯಲ್ಲಿ ಪಾತ್ರೆ ತಿಕ್ಕುವ ತೆಂಗಿನ ನಾರು, ಇನ್ನೊಂದರಲ್ಲಿ ಒಲೆಯ ಬೂದಿ.

"ತಿಕ್ರಿ" ಎಂದಳು.

"ಲೇ, ಇದು ಪಾಲಿಶ್..."

"ಊಟ ಬೇಕೋ ಬ್ಯಾಡೋ?"

ತಿಕ್ಕಿದೆ. ನನ್ನ ಮುಖ ಕಾಣುತ್ತಿದ್ದ ಬಾನೆಟ್ಟನ್ನು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಅನ್ನ ಹತ್ತಿದ ಪಾತ್ರೆಯ ಹಾಗೆ ನನ್ನ ಕೈಯಾರೆ ತಿಕ್ಕಿದೆ. ಹೊಳಪು ಹೋಯಿತು, ಮೇಣ ಹೋಯಿತು, ಆ ಹಳೇ ಇಟ್ಟಿಗೆ ಬಣ್ಣ ಮೆಲ್ಲಗೆ ಎದ್ದು ಬಂತು. ಅತ್ತೆ ಮೂರು ಬೆರಳು ಎಳೆದರು. ವಿಭೂತಿ ಅಲುಗಾಡದೆ ಕೂತಿತು. ವಾದ್ಯ ಮೊಳಗಿತು, ಮದುಮಗ ನಮ್ಮ ಗಾಡಿಯನ್ನೇ ಹತ್ತಿದ, ಹೆಂಡತಿ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು.

ನಾನು ಬೂದಿ ಕೈ ಝಾಡಿಸುತ್ತ ನಿಂತಿದ್ದೆ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು, ಗಾಡಿಯನ್ನು ಮೇಲಿಂದ ಕೆಳಗೆ ತುಂಬಾ ಸಮಾಧಾನದಿಂದ ನೋಡಿ, ನನಗೆ ಹೇಳಿದರು: "ಈಗ ಕಳೆ ಬಂತು ನೋಡ್ರಿ ಗಾಡಿಗೆ! ಇಷ್ಟೇ ಕೆಲ್ಸಕ್ಕೆ ಇಷ್ಟ್ ದಿನ ಏನ್ ಮಾಡ್ತಿದ್ರಿ ಅಳಿಯಂದ್ರೆ?"