ಬಾಗಿಲ ಕಡೆಗೆ ಕಾಲು

ಇದು ನಡೆದ ಸಂಗತಿ. ನಂಬದವರು ಬಿಷ್ಕೆಕ್‌ನ ಆ ಕಚೇರಿಯ ನಾಲ್ಕನೇ ಮಹಡಿ ಹತ್ತಿ ನೋಡಬಹುದು. ರಟ್ಟಿನ ಕಮೋಡು ಇವತ್ತಿಗೂ ಅಲ್ಲೇ ಕೂತಿದೆ.

ಎಲ್ಲಕ್ಕೂ ಕಾರಣ ಒಂದು ಫೋನು. ಹೊಸ ಆಸ್ಪತ್ರೆಯ ಮೊದಲ ನಕ್ಷೆ ಮುಗಿದಿತ್ತು. ಹಿರಿಯ ವಾಸ್ತುಶಿಲ್ಪಿ ಸಗಿನ್‌ಬೆಕ್ ರೋಗಿಯ ಕೋಣೆಯೊಂದನ್ನು ನಿಜವಾದ ಅಳತೆಯಲ್ಲೇ ರಟ್ಟಿನಿಂದ ಕಟ್ಟಿಸಿ ನಿಲ್ಲಿಸಿದ್ದ. ಮೂರು ಗಂಟೆಗೆ ಉಪಮಂತ್ರಿಗಳು ಬಂದು ಹೂಂ ಅಂದರೆ ಕೆಲಸದ ಯಜಮಾನಿಕೆ ಅವನದು. ಊಹೂಂ ಅಂದರೆ ಬೇರೆಯವರದು. ಹನ್ನೊಂದಕ್ಕೆ ಫೋನು ಬಡಿದುಕೊಂಡಿತು. ಉಪಮಂತ್ರಿಗಳದೇ ಕೆಮ್ಮು, ಅವರದೇ ಗೊಗ್ಗರು ದನಿ.

"ಏನಯ್ಯಾ, ರೋಗಿ ಕಾಲು ಬಾಗಿಲ ಕಡೆಗೆ ಬರೋ ಹಾಗೆ ಮಂಚ ಇಟ್ಟಿದ್ದೀಯಂತೆ? ನಮ್ಮಲ್ಲಿ ಹಾಗೆ ಹೊರಡೋದು ಹೆಣ! ನಾನು ಬರೋದ್ರೊಳಗೆ ತಿರುಗಿಸು."

ಸಗಿನ್‌ಬೆಕ್ ಫೋನು ಇಟ್ಟು ಮಂಚದ ಕಡೆ ಓಡಿದ. ರೋಗಿಯ ಮುಖ ಬಾಗಿಲಿಂದಲೇ ಕಾಣಲಿ ಎಂದು ಹಾಗಿಟ್ಟಿದ್ದ. ಮನೆಯಲ್ಲಿ ಹಾಗೆ ಮಲಗಿದ್ದರೆ ಅಜ್ಜಿ ಸೌಟು ಹಿಡಿದು ಎಬ್ಬಿಸುತ್ತಿದ್ದಳು ಎಂಬುದು ಈಗ ನೆನಪಾಯಿತು!

ಮಂಚ ತಿರುಗಿತು. ಸಲಹೆ ಕೊಡಲು ಬಂದಿದ್ದ ಹಿರಿಯ ನರ್ಸ್ ಬುರುಲಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಬಾಗಿಲಲ್ಲಿ ನಿಂತ್ರೆ ನಂಗೆ ಬರೀ ಬೋಳು ನೆತ್ತಿ ಕಾಣುತ್ತೆ. ಉಸಿರಾಡ್ತಾ ಇದಾನಾ ಅಂತ ನೆತ್ತಿ ನೋಡಿ ಹೇಳ್ಲಾ?"

"ಅಡ್ಡ ಹಾಕ್ತೀನಿ ಅಕ್ಕಾ."

ಅಡ್ಡ ಹಾಕಿದರೆ ಶೌಚಾಲಯದ ಬಾಗಿಲು ಮಂಚಕ್ಕೆ ಬಡಿಯಿತು. ಶೌಚಾಲಯವನ್ನೇ ಕಿಟಕಿಯ ಪಕ್ಕಕ್ಕೆ ಎಳೆದರು. ಕಿಟಕಿ ಅರ್ಧ ಮುಚ್ಚಿಹೋಯಿತು. "ಅಣ್ಣಾ, ಕಮೋಡು ಕಿಬ್ಲಾ ಕಡೆಗೆ, ನಮಾಜಿನ ದಿಕ್ಕಿಗೇ ತಿರುಗ್ತಲ್ಲ!" ಎಂದು ಲೆಕ್ಕದವನು ಇಣುಕಿದ. ಅದನ್ನೂ ತಿರುಗಿಸಿದರು. ಸಗಿನ್‌ಬೆಕ್ ಕಮೋಡನ್ನು ಎದೆಗವಚಿಕೊಂಡು, ಬಸ್ಸು ತಪ್ಪಿದ ಬಾಣಂತಿಯಂತೆ ಕೋಣೆಯ ತುಂಬ ಓಡಾಡಿದ. ಮಧ್ಯಾಹ್ನದ ಊಟದ ಲಗ್ಮಾನ್ ಶಾವಿಗೆ ಮೇಜಿನ ಮೇಲೆ ತಣ್ಣಗಾಗಿ ಹಗ್ಗವಾಯಿತು.

ಮೂರಕ್ಕೆ ಐದು ನಿಮಿಷ. ಕೊಳವೆಗಳ ಎಂಜಿನಿಯರ್ ಎರ್ನಿಸ್ ಒಳಗೆ ಬಂದು, ರಟ್ಟಿನ ಗೋಡೆಗಳನ್ನು ನೋಡಿ ಕೆಮ್ಮಿದ. ಅದೇ ಕೆಮ್ಮು.

"ಏನಯ್ಯಾ, ತಿರುಗಿಸಿದ್ಯಾ?" ಅದೇ ದನಿ.

ಬುರುಲಕ್ಕ ಬಾಯಿಗೆ ಸೆರಗಿನಂತೆ ತಲೆವಸ್ತ್ರ ಒತ್ತಿಕೊಂಡಳು. ಕಚೇರಿಗೆ ಕಚೇರಿಯೇ ಗೊಳ್ಳೆಂದಿತು.

"ಹಾಳಾದವ್ನೇ! ನನ್ನ ಕೆಲಸ ಹೋಗುತ್ತೋ!" ಸಗಿನ್‌ಬೆಕ್ ಮಂಚವನ್ನು ಮೊದಲಿದ್ದಂತೆ ತಿರುಗಿಸಲು ಹಿಡಿದೆಳೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿತು.

ಉಪಮಂತ್ರಿಗಳು ಒಳಗೆ ಬಂದರು. ಬೂಟು ಬಿಚ್ಚಿ, ರಟ್ಟಿನ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿದರು. ಆಮೇಲೆ ಎದ್ದು ಕೂತರು.

"ಬೇರೆ ಮೂರು ಕಚೇರಿಯ ಕೋಣೆ ನೋಡಿ ಬಂದೆ. ಎಲ್ಲಾ ಕಡೆ ನನ್ನನ್ನ ಹೆಣ ಮಾಡಿ ಮಲಗಿಸಿದ್ರು. ಇಲ್ಲೊಂದೇ ಕಡೆ ಬದುಕಿದೀನಿ ಅನ್ನಿಸ್ತು. ಇದೇ ಇರಲಿ! ಯಾರ ತಲೆಯ ಯೋಚನೆ ಇದು?"

ದಣಿದ ನಾಲಗೆ ಸುಳ್ಳು ಹುಡುಕುವ ಮೊದಲೇ ನಿಜ ಜಾರಿತು. "ಎರ್ನಿಸ್‌ದು, ಸಾರ್."

"ಹಾಗಾದ್ರೆ ಇವತ್ತಿಂದ ಅವನೇ ಯಜಮಾನ. ಇನ್ನೂರ ನಲವತ್ತು ಕೋಣೆನೂ ಹೀಗೇ ತಿರುಗಿಸಿ, ಸೋಮವಾರ ನಕ್ಷೆ ಕಳಿಸಿ."

ಲಿಫ್ಟು ಇಳಿಯಿತು. ಎರ್ನಿಸ್‌ನ ಮುಖ ಹಸಿ ಸುಣ್ಣದಂತಾಯಿತು. ಇನ್ನೂರ ನಲವತ್ತು ಕೋಣೆಯ ಆಮ್ಲಜನಕದ ಕೊಳವೆ, ನೀರಿನ ಕೊಳವೆ, ಎಲ್ಲವೂ ಅವನು ನಕ್ಷೆಯಲ್ಲಿ ಕೈಯಾರೆ ಎಳೆದವು; ಇನ್ನು ಅಷ್ಟನ್ನೂ ಹೊಸದಾಗಿ ಎಳೆಯಬೇಕು. ಸಗಿನ್‌ಬೆಕ್‌ನ ಹೊಟ್ಟೆಯಿಂದ ನಗು ಒದ್ದುಕೊಂಡು ಬಂತು.

"ಕುರ್ಚಿ ಹೋಯ್ತಲ್ಲೋ ನಿಂದು, ಯಾಕೆ ನಗ್ತೀಯಾ?" ಎಂದಳು ಬುರುಲಕ್ಕ.

ಎರ್ನಿಸ್ ಕೆಮ್ಮಿದ. ಗೊಗ್ಗರು ದನಿಯಲ್ಲಿ ಯಜಮಾನಿಕೆಯ ಮೊದಲ ಅಪ್ಪಣೆ ಹೊರಟಿತು: "ಏನಯ್ಯಾ ಸಗಿನ್‌ಬೆಕ್, ಕೊಳವೆ ನಂದು. ಇನ್ನೂರ ನಲವತ್ತು ಕಮೋಡೂ ನಿಂದು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಸಗಿನ್‌ಬೆಕ್ ನಕ್ಕ. ನಗುತ್ತಲೇ ಪೆನ್ಸಿಲು ಹೆರೆಯಲು ಕೂತ.