ಅತ್ತೆ ಹಾಡಿದ ಕಾದಂಬರಿ

ನಾನು ಕಾದಂಬರಿ ಬರೆದದ್ದು ತಪ್ಪಲ್ಲ. ಅದನ್ನು ಹಾಡಿಸಲು ಒಪ್ಪಿದ್ದು ತಪ್ಪು.

ಅದರಲ್ಲಿ ಸರೋಜ ಎಂಬ ಹೂವಿನಂಥ ಸೊಸೆ, ಕಾಳಮ್ಮ ಎಂಬ ಮುಳ್ಳಿನಂಥ ಅತ್ತೆ. ಕಾಳಮ್ಮ ಯಾರೆಂದು ನಮ್ಮೂರು ಮಿರ್ಲೆಯಲ್ಲಿ ಯಾರಿಗೂ ಗೊತ್ತಾಗದಂತೆ ಹೆಸರು, ಸೀರೆಯ ಬಣ್ಣ ಎರಡನ್ನೂ ಬದಲಾಯಿಸಿದ್ದೆ. ಆದರೆ ತುಪ್ಪದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುವುದನ್ನೂ, ನನ್ನ ಸಾರಿಗೆ ದಿನಾ ‘ಉಪ್ಪು ಸಾಲ್ದು’ ಎನ್ನುವುದನ್ನೂ ಬದಲಾಯಿಸಲು ಮನಸ್ಸಾಗಲಿಲ್ಲ. ನಮ್ಮತ್ತೆ ವೀರಮ್ಮನವರಿಗೆ ಓದು ಬರುವುದಿಲ್ಲವೆಂಬ ಧೈರ್ಯ.

ಸ್ತ್ರೀಶಕ್ತಿ ಸಂಘದ ವಾರ್ಷಿಕೋತ್ಸವ ಬಂತು. ನಮ್ಮ ಯಜಮಾನರು ಶಿವಶಂಕರ್ ಮೊಬೈಲಿನಲ್ಲಿ ಏನನ್ನೋ ನೋಡಿ ಕುಣಿದರು. “ಪವಿತ್ರ, ನಿನ್ ಕಾದಂಬರೀನ ಒಪೆರಾ ಮಾಡ್ಸಾಣ ಕಣೇ! ಮಾತೇ ಇರಲ್ಲ, ಎಲ್ಲಾ ಹಾಡೇ!”

ಅಡಿಗೆಮನೆಯಿಂದ ಅತ್ತೆ ಕೂಗಿದರು: “ಆಪರೇಸನ್ನಾ? ಯಾರ್ಗ್ಲಾ ಸಂಕ್ರ?”

“ಪವಿತ್ರನ ಪುಸ್ತಕಕ್ಕೆ ಕಣವ್ವ!”

ಹಾಡು ಕಟ್ಟಲು ಬಂದ ಹಾರ್ಮೋನಿಯಂ ಮುದ್ದಯ್ಯ ಮೇಷ್ಟ್ರು ಮಾಡಿದ್ದೂ ಆಪರೇಷನ್ನನ್ನೇ. ಇನ್ನೂರ ಹನ್ನೆರಡು ಪುಟ ಕತ್ತರಿಸಿ ಹನ್ನೊಂದು ಹಾಡು ಉಳಿಸಿದರು. ಸರೋಜಳ ಅಂತರಂಗದ ತಳಮಳವೆಲ್ಲ (ನಲವತ್ತು ಪುಟ!) ಮಾಯ.

“ತಳಮಳಕ್ಕೆ ತಾಳ ಕೂರಾಕಿಲ್ಲ ಕಣವ್ವ. ತುಪ್ಪದ್ ಡಬ್ಬಿಗೆ ನೋಡು, ಎಂಗ್ ಕೂತದೆ!” ಎಂದು ಹಾಡಿಯೇ ತೋರಿಸಿದರು.

ಆಗ ನನಗೆ ಹೊಳೆಯಿತು. ಅತ್ತೆಗೆ ಓದು ಬಾರದು, ನಿಜ. ಕಿವಿ? ಹಿತ್ತಲಲ್ಲಿ ಕೋಳಿ ಮೊಟ್ಟೆಯಿಟ್ಟರೆ ಜಗಲಿಯಲ್ಲೇ ಕೂತು ಯಾವ ಕೋಳಿಯೆಂದು ಹೇಳುತ್ತಾರೆ!

“ಮೇಷ್ಟ್ರೇ, ಅತ್ತೆ ಪಾತ್ರ ತೆಗೆದುಬಿಡಿ,” ಎಂದು ಗೋಗರೆದೆ.

“ಅತ್ತೆ ತಗುದ್ರೆ ಸೊಸೆ ಯಾಕವ್ವ ಅಳ್ತಾಳೆ?”

ಪ್ರದರ್ಶನಕ್ಕೆ ಮೂರು ದಿನ ಇರುವಾಗ ಕಾಳಮ್ಮನ ಪಾತ್ರದ ಸುನಂದಮ್ಮನವರ ಗಂಟಲು ಕಟ್ಟಿತು. ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ, ಅಭ್ಯಾಸ ನೋಡಲು ಬಂದು ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಎಲೆಯಡಿಕೆ ಉಗಿದು ಎದ್ದರು. “ಸರ್ಕಳಿ, ಆ ಅತ್ತೆ ಪದ್ವ ನಾನ್ ಏಳ್ತೀನಿ.” ಸೋಬಾನೆ ಹಾಡಿ ಪಳಗಿದ ಗಂಟಲು. ಒಮ್ಮೆ ಕೇಳಿದ್ದೇ ಸಾಕು, ಎಲ್ಲ ಬಾಯಿಪಾಠ.

ಪ್ರದರ್ಶನದ ದಿನ ಸಂಘದ ಹಾಲ್ ತುಂಬಿತ್ತು. ಸರೋಜಳ ಪಾತ್ರ ನನ್ನದೇ (ಬೇರೆ ಯಾರು ಮಾಡಬೇಕು?). ತುಪ್ಪದ ಹಾಡು ಬಂತು. ಮೇಷ್ಟ್ರು ಬರೆದದ್ದನ್ನು ಹಾಡಿ ಮುಗಿಸಿದ ಮೇಲೂ ಅತ್ತೆ ನಿಲ್ಲಲಿಲ್ಲ. ನನ್ನ ಗಲ್ಲ ಹಿಡಿದು ತಮ್ಮದೇ ಶುರುಮಾಡಿದರು:

“ಬೀಗ ಜಡಿದದ್ಯಾಕೆ ಬಲ್ಲೇನೆ ನನ ಸೊಸೆಯೆ
ಬಾಣಂತಿ ಆದಾಗ ಬೇಕಲ್ಲ – ಈ ತುಪ್ಪ
ಬೆಕ್ಕಿನ ಬಾಯ್ಗೆ ಬುಡಲೇನೆ?”

ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಮೂರು ಸಲ ಒನ್ಸ್‌ಮೋರ್! (ಎರಡೂ ಬಾಣಂತನದಲ್ಲಿ ನಾನು ಆ ತುಪ್ಪ ತಿಂದಿದ್ದೇನೆ. ಕಾದಂಬರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.) ಆಮೇಲೆ ನಾನು ನನ್ನ ಗೋಳಿನ ಹಾಡು ಎತ್ತಿಕೊಂಡರೆ ಮುಂದಿನ ಸಾಲಿನ ಅಜ್ಜಿಯೊಂದು ಕೂಗಿತು: “ಅತ್ತಿದ್ ಸಾಕು, ಸಾರಿಗ್ ಉಪ್ಪಾಕೋಗು!”

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಅತ್ತೆಗೆ. ಬುಟ್ಟಿ ಹೊತ್ತದ್ದು ನಾನು. ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು.

“ಮುಂದಿನ್ ಪುಸ್ತಕದಲ್ಲಿ ಆ ಸೊಸೆನ ವಸಿ ಒಳ್ಳೇಳ್ ಮಾಡವ್ವ.”

“ಯಾಕತ್ತೆ?”

“ಜನ ಎಲ್ಲಾ ಅದು ನೀನೇ ಅಂದ್ಕಂಬುಟ್ಟವ್ರೆ. ನಂಗ್ ವಟ್ಟೆ ಉರೀತದೆ.”