ಐದು ದಿನದಿಂದ ಹೊರಹರಿವಿಲ್ಲದ ಮೊಮ್ಮಗನ ಸನ್ನಿಧಾನಕ್ಕೆ

ಮಾನ್ಯ ಅಮೋಲರೇ,

ತಮ್ಮ ಎರಡು ಕೆಳಹಲ್ಲುಗಳಿಗೂ, ಇನ್ನೂ ಮೂಡದ ಉಳಿದ ಹಲ್ಲುಗಳಿಗೆ ಮುಂಗಡವಾಗಿಯೂ, ಸದ್ಯ ತಮ್ಮ ಬಾಯೊಳಗೆ ವಾಸ್ತವ್ಯ ಹೂಡಿರುವ ತಮ್ಮದೇ ಎಡಗಾಲಿನ ಹೆಬ್ಬೆರಳಿಗೂ ಈ ಸೇವಕನ ಸಾಷ್ಟಾಂಗ ನಮಸ್ಕಾರಗಳು. ತಮಗೆ ಏಳು ತಿಂಗಳು ತುಂಬಿದ ಸಂತೋಷದಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವೋ ಅಲ್ಲವೋ ಎಂಬುದು ತಮ್ಮ ಹೊಟ್ಟೆಯೊಳಗಿನ ಸಂಗತಿಯಾದ್ದರಿಂದ, ಅದನ್ನು ದಯಮಾಡಿ ಹೊರಗೆ ತಿಳಿಸಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಬರೆಯುತ್ತಿರುವವನು ತಮ್ಮ ತಂದೆ ಸಿದ್ದಲಿಂಗನ ತಂದೆ, ಲಗಮಣ್ಣ. ಕಾಗವಾಡ ತಾಲೂಕಿನಲ್ಲಿ ನಾಲ್ಕು ಎಕರೆ ದ್ರಾಕ್ಷಿ, ಮೂರು ಎಕರೆ ಕಬ್ಬು ಇಟ್ಟುಕೊಂಡು, ಇಪ್ಪತ್ತೆರಡು ವರ್ಷದಿಂದ ಊರಿನ ನೀರು ಬಳಕೆದಾರರ ಸಂಘದ ಕಾರ್ಯದರ್ಶಿಯಾಗಿ, ಕಾಲುವೆಗೆ ನೀರು ಬಿಡಿರೆಂದು ಮೇಲಿನವರಿಗೆ ಅರ್ಜಿ ಬರೆದು ಬರೆದು ಬೆರಳು ಸವೆಸಿಕೊಂಡವನು. ಸಂಕಟ ಬಂದರೆ ಅರ್ಜಿ ಬರೆಯುವುದೊಂದೇ ನನಗೆ ಗೊತ್ತಿರುವ ವಿದ್ಯೆ. ತಮಗೆ ಓದಲು ಬರುವುದಿಲ್ಲವೆಂಬುದು ಅಡ್ಡಿಯಲ್ಲ. ಓದು ಬಲ್ಲ ಸಾಹೇಬರೂ ನನ್ನ ಅರ್ಜಿಗಳನ್ನು ಓದಿದ ನೆನಪಿಲ್ಲ. ಇದನ್ನು ಬಹಿರಂಗ ಪತ್ರವಾಗಿಸಲು ಕಾರಣವೆಂದರೆ ವಿಷಯ ಈಗಾಗಲೇ ಬಹಿರಂಗವಾಗಿದೆ. ಬೆಳಗ್ಗೆ ಡೇರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತವರೆಲ್ಲ ನನ್ನನ್ನು ಕಂಡೊಡನೆ "ಆತೇನ್ರಿ?" ಎನ್ನುತ್ತಾರೆ, ನಾನು "ಇನ್ನೂ ಇಲ್ರಿ" ಎನ್ನುತ್ತೇನೆ, ಏನು ಎತ್ತ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಶುಕ್ರವಾರ ಬೆಳಗಿನಿಂದ ಇಂದಿನ ಬುಧವಾರದವರೆಗೆ ತಮ್ಮ ಕಚೇರಿಯ ಹಿಂಬಾಗಿಲು ತೆರೆದಿಲ್ಲ. ಒಳಹರಿವು ಭರ್ತಿಯಾಗಿದೆ, ಹೊರಹರಿವು ಸೊನ್ನೆ. ಸೋಮವಾರ ತಾವು ಅರ್ಧ ಗಂಟೆ ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಕೊನೆಗೆ ದಯಪಾಲಿಸಿದ್ದು ಆಡಿನ ಹಿಕ್ಕೆಯಂಥ ಎರಡು ಕಾಳು ಮಾತ್ರ. ಅವುಗಳನ್ನು ತಮ್ಮ ಅಜ್ಜಿ ಕಸ್ತೂರೆವ್ವ ಹಳೆಯ ಪೇಪರಿನ ಮೇಲಿಟ್ಟು ನೆರೆಹೊರೆಯವರಿಗೆ ದರ್ಶನ ಮಾಡಿಸಿದಳಾದರೂ, ಸಂಘದ ನಿಯಮದ ಪ್ರಕಾರ ಅದನ್ನು ವಿಲೇವಾರಿ ಎಂದು ದಾಖಲಿಸಲು ಬರುವುದಿಲ್ಲ. ಇಷ್ಟು ಬಿಗಿಯಾದ ಆಡಳಿತವನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ನಮ್ಮ ಕಾಲುವೆಯ ಸಾಹೇಬರಾದರೂ "ನಾಳೆ ಬಿಡ್ತೀವ್ರಿ" ಎಂಬ ಸುಳ್ಳು ಆಶ್ವಾಸನೆಯನ್ನು ಕೊಡುವಷ್ಟು ಮೃದು ಹೃದಯದವರು. ತಾವು ಅದನ್ನೂ ಕೊಡದೆ, ಒಂದು ಮಗ್ಗುಲಿಗೆ ಹೊರಳಿ, ಹೂಸೊಂದನ್ನು ಮಾತ್ರ ಬಿಟ್ಟು ನಿದ್ದೆಗೆ ಜಾರುತ್ತೀರಿ. ಇಡೀ ಮನೆ ಎದ್ದು ಓಡಿ ಬಂದು, ಚಡ್ಡಿ ಬಿಚ್ಚಿ ನೋಡಿ, ನಿರಾಶೆಯಿಂದ ಹಿಂದಿರುಗುತ್ತದೆ.

ಈ ಐದು ದಿನಗಳಲ್ಲಿ ತಮ್ಮ ಮೇಲೆ ನಡೆದ ಪ್ರಯೋಗಗಳಿಗಾಗಿ ಕ್ಷಮೆ ಕೋರುತ್ತೇನೆ. ಹಿಂಗು ಕಲಸಿ ತಮ್ಮ ಹೊಕ್ಕುಳಿಗೆ ಹಚ್ಚಿದ್ದರಿಂದ ಎರಡು ದಿನ ತಾವು ಉಪ್ಪಿನಕಾಯಿಯ ಭರಣಿಯಂತೆ ವಾಸನೆ ಬೀರುತ್ತಿದ್ದಿರಿ. ನನ್ನ ಅಕ್ಕ ತಾರವ್ವ, ಓಣಿಯ ಅರ್ಧ ಕೂಸುಗಳಿಗೆ ಎರೆದವಳು, ವೀಳ್ಯದೆಲೆಯ ತೊಟ್ಟನ್ನು ಔಡಲೆಣ್ಣೆಯಲ್ಲಿ ಅದ್ದಿಕೊಂಡು ತಮ್ಮ ಹಿಂಬಾಗಿಲ ಕಡೆಗೆ ಗಂಭೀರವಾಗಿ ನಡೆದು ಬಂದಾಗ, ತಮ್ಮ ತಾಯಿ ಸ್ನೇಹಲ ಅಡ್ಡ ನಿಂತು "ಅತ್ತಿ, ಡಾಕ್ಟರ್‌ನ ಕೇಳದ ಅಂಥಾದ್ದೆಲ್ಲಾ ಬ್ಯಾಡ್ರಿ" ಎಂದಳು. ಆ ತೊಟ್ಟು ತಾರವ್ವನ ಕೈಯಲ್ಲೇ ಉಳಿಯಿತು, ಆದರೆ ಮಾತು ಉಳಿಯಲಿಲ್ಲ. "ನಾವು ಹತ್ತು ಮಂದಿ ಹಡದೇವಿ, ಯಾ ಕೂಸೂ ಹಿಂಗ ಮಾಡಿಲ್ಲ, ಮೊಬೈಲ್ ನೋಡಿ ಉಣಸಿದ್ರ ಹಿಂಗಽ ಆಗೂದು" ಎಂದು ಅವಳು, "ಅಕಿ ಹಾಲಽ ಗಟ್ಟಿ" ಎಂದು ಕಸ್ತೂರೆವ್ವ. ಹಾಲು ಗಟ್ಟಿಯಾಗಿದ್ದರೆ ಡೇರಿಯಲ್ಲಿ ಬಹುಮಾನ ಕೊಡುತ್ತಾರೆ, ನಮ್ಮ ಮನೆಯಲ್ಲಿ ಅದು ಆರೋಪವಾಯಿತು.

ಸ್ನೇಹಲ ಸೋಮವಾರ ಸಂಜೆ ಅಟ್ಟದ ಮೇಲಿದ್ದ ಬ್ಯಾಗು ಇಳಿಸಿ, ನಿಪ್ಪಾಣಿಯಲ್ಲಿರುವ ಅಣ್ಣ ಬಾಳಾಸಾಬನಿಗೆ ಫೋನು ಹಚ್ಚಿ, ಶುಕ್ರವಾರ ಬಂದು ಕರೆದುಕೊಂಡು ಹೋಗು ಎಂದಳು. ಎಷ್ಟು ದಿನಕ್ಕೆ ಎಂದು ಸಿದ್ದಲಿಂಗ ಕೇಳಿದರೆ "ನೋಡೂಣು" ಎಂದಳಂತೆ. ಆ "ನೋಡೂಣು" ಕೇಳಿದ ಮೇಲೆ ನನಗೆ ಊಟ ಸೇರಿಲ್ಲ. ತಮ್ಮ ಹೊಟ್ಟೆಯೊಳಗಿನ ಒಂದು ಮುಷ್ಟಿ ಪದಾರ್ಥದಿಂದ ಒಂದು ಸಂಸಾರ ಎರಡು ತಾಲೂಕಿಗೆ ಹಂಚಿಹೋಗುವ ಹಂತಕ್ಕೆ ಬಂದಿರುವುದನ್ನು ತಾವು ದಯವಿಟ್ಟು ಗಮನಿಸಬೇಕು.

ನಿನ್ನೆ ಮಂಗಳವಾರ ಅಥಣಿಯ ಡಾಕ್ಟರಮ್ಮನ ಬಳಿಗೆ ತಮ್ಮನ್ನು ಕರೆದೊಯ್ದ ನಿಯೋಗದಲ್ಲಿ ನಾವು ಐವರಿದ್ದೆವು. ಆಕೆ ತಮ್ಮ ಹೊಟ್ಟೆ ಮುಟ್ಟಿ, ತಟ್ಟಿ, ಹೆದರುವಂಥದ್ದೇನಿಲ್ಲ ಎಂದಳು. ಆಮೇಲೆ "ದಿನಾ ಏನೇನ್ ಉಣಸ್ತೀರಿ?" ಎಂದು ಕೇಳಿದ್ದೇ ತಪ್ಪಾಯಿತು. ಸ್ನೇಹಲ ತಾನು ಉಣಿಸುವುದನ್ನು ಹೇಳಿ ಮುಗಿಸಿದಳು, ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಕಸ್ತೂರೆವ್ವ ಕೆಮ್ಮಿ, ತಾನೂ ಮಧ್ಯಾಹ್ನ ಒಂದೇ ಒಂದು ಚಮಚ ಗೋಧಿ ಸಜ್ಜಕ ಎಂದಳು. ತಾರವ್ವ ಒಂದೇ ಒಂದು ಬಾಳೆಹಣ್ಣು, ಅದೂ ಸಣ್ಣದು. ಸಿದ್ದಲಿಂಗ ಅಂಗಡಿಯಿಂದ ತಂದ ಬಿಸ್ಕೀಟು ಹಾಲಿನಲ್ಲಿ ನೆನೆಸಿ, ಒಂದೇ ಒಂದು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೆಳಗ್ಗೆ ತಮ್ಮನ್ನು ಎತ್ತಿಕೊಂಡು ದ್ರಾಕ್ಷಿ ತೋಟಕ್ಕೆ ಹೋದಾಗ ಬೇಕರಿಯ ಟೋಸ್ಟನ್ನು ನನ್ನ ಚಹಾದಲ್ಲಿ ಅದ್ದಿ ತಮಗೆ ಚೀಪಿಸುತ್ತಿದ್ದ ಗುಟ್ಟನ್ನು ನಾವಿಬ್ಬರೂ ಕಾಪಾಡಿಕೊಂಡು ಬಂದಿದ್ದೆವು. ತಾವು ಈವರೆಗೆ ಬಾಯಿಬಿಟ್ಟಿಲ್ಲ, ಅದಕ್ಕೆ ಋಣಿಯಾಗಿದ್ದೇನೆ, ಆದರೆ ನಾನು ಬಿಡಬೇಕಾಯಿತು. ಹೀಗೆ ಒಂದೇ ಒಂದು ಚಮಚದ ಐದು ಜನ ಸೇರಿ, ತಮ್ಮ ಹೊಟ್ಟೆಗೆ ನಮ್ಮ ಕಬ್ಬಿನ ಟ್ರ್ಯಾಕ್ಟರಿಗೆ ಹೇರುವಂತೆ ಹೇರಿದ್ದೆವು.

"ನೀರು?" ಎಂದು ಆಕೆ ಕೇಳಿದಳು. ಸ್ನೇಹಲ ನೆಲ ನೋಡುತ್ತ ನಿಂತಳು.

ಇಲ್ಲಿಂದ ಮುಂದಿನದನ್ನು ಬರೆಯಲು ನಿನ್ನೆಯಿಂದ ಮೂರು ಹಾಳೆ ಹರಿದಿದ್ದೇನೆ. ಮೂರು ವಾರದ ಹಿಂದೆ ತಮಗೆ ಅನ್ನ ಮುಟ್ಟಿಸುವ ಶಾಸ್ತ್ರ ನಡೆಯಿತು, ನಿಪ್ಪಾಣಿಯ ಬೀಗರ ಬಾಯಲ್ಲಿ ಅದು ಉಷ್ಟಾವಣ. ಮೊದಲ ತುತ್ತು ಸೋದರಮಾವನೇ ಉಣಿಸಬೇಕು, ಬೆಳ್ಳಿಯ ತಾಟು, ಚಮಚ, ನೀರಿನ ಬಟ್ಟಲು ಅವನೇ ತರಬೇಕು ಎಂಬುದು ಪದ್ಧತಿ. ಬಾಳಾಸಾಬ ತಾಟು ತಂದ, ಚಮಚ ತಂದ, "ಬಟ್ಟಲಾ ಪತ್ತಾರ ಇನ್ನೂ ಕೊಟ್ಟಿಲ್ರಿ ಮಾಮಾ, ಮುಂದಿನ ವಾರ ತರ್ತೀನಿ" ಎಂದು ಅಕ್ಕಸಾಲಿಗನ ಮೇಲೆ ಹಾಕಿದ. ಮನೆ ತುಂಬ ಮಂದಿ ಕುಳಿತಿದ್ದರು. ನಾನು ದೊಡ್ಡ ಮನುಷ್ಯನಂತೆ ನಕ್ಕು, "ಸಾವಕಾಶ ತರ್ರಿ, ನಮ್ಮ ಕೂಸು ಮೊದಲ ನೀರು ಮಾವನ ಬೆಳ್ಳಿ ಬಟ್ಟಲದಾಗಽ ಕುಡಿಯೂದು, ಅಲ್ಲೀತನಕ ನೀರು ಮುಟ್ಟಸಾಂಗಿಲ್ಲ" ಎಂದುಬಿಟ್ಟೆ. ಅವನಿಗೆ ಚುಚ್ಚಲೆಂದೇ ಅಂದೆ, ಸುಳ್ಳು ಹೇಳಲಾರೆ. ಮುಂದಿನ ವಾರ ಬಟ್ಟಲು ಬರಲಿಲ್ಲ. ಕೇಳಿದರೆ ನಮ್ಮ ಮರ್ಯಾದೆ ಹೋಗುತ್ತದೆಂದು ನಾವು ಕೇಳಲಿಲ್ಲ, ಬರಿಗೈಲಿ ಬಂದರೆ ತನ್ನದು ಹೋಗುತ್ತದೆಂದು ಅವನು ಬರಲಿಲ್ಲ. ಎರಡು ಮನೆತನದ ಮರ್ಯಾದೆಯನ್ನೂ ಅಷ್ಟು ದಿನ ತಾವು ತಮ್ಮ ಹೊಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡಿರಿ.

ಸ್ನೇಹಲ ಮೊದಲ ವಾರವೇ ಕೇಳಿದ್ದಳು: "ಮಾವಾರ, ಕಾಯಿಸಿ ಆರಿಸಿದ್ದು ಎರಡ ಗುಟುಕು ಕುಡಸಲೇನ್ರಿ?" ನಾನು ಸಂಘದ ಅರ್ಜಿಯಿಂದ ತಲೆ ಎತ್ತದೆ "ಬಟ್ಟಲಾ ಬರ್ಲಿ ತಡಿವಾ" ಎಂದಿದ್ದೆ. ಆ ಅರ್ಜಿಯ ವಿಷಯ ನನಗೆ ಬಾಯಿಪಾಠವಿದೆ: "ಬೆಳೆಗಳು ಬಾಡುತ್ತಿದ್ದು ತಕ್ಷಣ ನೀರು ಬಿಡುವ ಕುರಿತು." ಡಾಕ್ಟರಮ್ಮನ ಮುಂದೆ ಅವಳು "ಮಾವಾರಽ ಬ್ಯಾಡ ಅಂದಿದ್ರು" ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಐದು ದಿನ ಎಲ್ಲರ ಮಾತು ಕೇಳಿಸಿಕೊಂಡವಳು ಅಲ್ಲಿಯೂ ನನ್ನ ಮಾನ ಉಳಿಸಿದಳು. ಕೊನೆಗೆ ನಾನೇ ಒಪ್ಪಿಕೊಂಡಾಗ ಡಾಕ್ಟರಮ್ಮ ನನ್ನ ಕಿಸೆಯಲ್ಲಿದ್ದ ಸಂಘದ ಡೈರಿ ನೋಡಿ, "ಹೊಲಕ್ಕ ಗೊಬ್ಬರ ಹೇರಿ ನೀರು ಬಿಡದಿದ್ರ ಏನಾಗತೈತಿ ಅನ್ನೂದು ನಿಮಗ ನಾ ಹೇಳಬೇಕೇನ್ರಿ?" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಸಾಹೇಬನಿಗೂ ನಾನು ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಆಕೆಯ ಆದೇಶದಂತೆ ನಿನ್ನೆ ಸಂಜೆಯಿಂದ ತಮಗೆ ಉಂಡ ಮೇಲೆ ಗುಟುಕು ಗುಟುಕಾಗಿ ನೀರು ಬಿಡಲಾಗಿದೆ. ಬಟ್ಟಲು ಇಲ್ಲದ ಕಾರಣ ನನ್ನ ಥರ್ಮಾಸಿನ ಮುಚ್ಚಳವನ್ನು ಚೆನ್ನಾಗಿ ಕುದಿಸಿ ಒದಗಿಸಿದ್ದು, ತಾವು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ ರೀತಿ ನೋಡಿ ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇದಾಣೆ ಎಂದು ಮಾರುವ ಒಣದ್ರಾಕ್ಷಿ ನಮ್ಮ ಅಟ್ಟದಲ್ಲಿ ಮೂರು ಚೀಲ ಇದ್ದರೂ ಮನೆಯ ಕೂಸಿಗೆ ಒಂದನ್ನಾದರೂ ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ಈಗ ಅದನ್ನು ನೆನೆಸಿ, ಕಿವುಚಿ, ಸೋಸಿ ಕೊಡಲಾಗುತ್ತಿದೆ. ಸಜ್ಜಕ ತೆಳುವಾಗಿದೆ. ಟೋಸ್ಟ್ ಬಂದ್ ಆಗಿದೆ, ಈ ಬಗ್ಗೆ ತಮ್ಮ ಪ್ರತಿಭಟನೆ ತಲುಪಿದೆ. ತಾರವ್ವ ದಿನಕ್ಕೆ ಮೂರು ಹೊತ್ತು ತಮ್ಮ ಕಾಲು ಹಿಡಿದು ಸೈಕಲ್ ತುಳಿಸುತ್ತಾಳೆ, ಆ ವೇಗದಲ್ಲಿ ತಾವು ಇಷ್ಟರಲ್ಲಿ ಚಿಕ್ಕೋಡಿ ದಾಟಿರಬೇಕು.

ಆದ್ದರಿಂದ ನನ್ನ ನಮ್ರ ಬೇಡಿಕೆಗಳೆಂದರೆ: ತಾವು ಶುಕ್ರವಾರದ ಒಳಗೆ, ನಿಪ್ಪಾಣಿಯ ಗಾಡಿ ಬಾಗಿಲಿಗೆ ಬರುವ ಮುನ್ನ, ತಮ್ಮ ಕಡತವನ್ನು ಪೂರ್ಣವಾಗಿ ವಿಲೇವಾರಿ ಮಾಡಬೇಕು. ಇನ್ನು ಮುಂದೆ ಕಾಲುವೆಯ ಪಾಳಿಯಂತೆ ತಮ್ಮ ವೇಳಾಪಟ್ಟಿಯನ್ನು ವಾರ ಮೊದಲೇ ಗೋಡೆಗೆ ಅಂಟಿಸಬೇಕು. ತಮ್ಮ ಬಾಯಿಗೆ ಬರುವ ಪ್ರತಿ ಚಮಚಕ್ಕೂ ಉಣಿಸಿದವರ ಸಹಿ ಪಡೆಯಬೇಕು, ಸಹಿ ಇಲ್ಲದ್ದನ್ನು ಅವರ ಮೈಮೇಲೆಯೇ ಉಗುಳಬೇಕು. ಮತ್ತು ತಮಗೆ ಮಾತು ಬಂದ ದಿನ, ಮೊದಲ ಮಾತಾಗಿ, ತಪ್ಪು ತಮ್ಮ ತಾಯಿಯದಲ್ಲ, ಅಜ್ಜನದು ಎಂದು ಅಂಗಳದಲ್ಲಿ ನಿಂತು ಸಾರಬೇಕು. ಅಲ್ಲಿಯವರೆಗೆ ಕಾಯಲು ಸಮಯವಿಲ್ಲದ್ದರಿಂದ, ಬಾಯಿಬಿಟ್ಟು ಹೇಳಲು ನನಗೆ ಬಾರದ್ದರಿಂದ, ಈ ಪತ್ರದ ಒಂದು ಪ್ರತಿಯನ್ನು ತೊಟ್ಟಿಲ ಹತ್ತಿರ ಅವಳ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇನೆ.

ತಮ್ಮ ಅನುಕೂಲಕರ ಆದೇಶವನ್ನು ಬಟ್ಟೆ ಹಿಡಿದು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಲಗಮಣ್ಣ,
ಕಾರ್ಯದರ್ಶಿ, ನೀರು ಬಳಕೆದಾರರ ಸಂಘ (ಮನೆಯ ಮಟ್ಟಿಗೆ ಅಮಾನತಿನಲ್ಲಿ)

ಪ್ರತಿ: ಶ್ರೀಮತಿ ಸ್ನೇಹಲ, ಮಾಹಿತಿಗಾಗಿ ಮತ್ತು ಕ್ಷಮೆಗಾಗಿ.

ತಾ.ಕ.: ಇಂದು ಶುಕ್ರವಾರ ಬೆಳಗ್ಗೆ ಎಂಟಕ್ಕೆ ತಾವು ಯಾವುದೇ ಪೂರ್ವಸೂಚನೆಯಿಲ್ಲದೆ ಎಲ್ಲ ಗೇಟುಗಳನ್ನೂ ಒಮ್ಮೆಲೇ ಎತ್ತಿದ್ದು, ಹರಿವು ಕಾಲುವೆಯ ಕೊನೆಯಂಚಿನ ರೈತನಾದ ನನ್ನ ಧೋತರದವರೆಗೂ ತಲುಪಿದೆ ಎಂದು ದೃಢೀಕರಿಸುತ್ತೇನೆ. ತಾರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹತ್ತಕ್ಕೆ ಬಾಳಾಸಾಬ ಬೆಳ್ಳಿ ಬಟ್ಟಲಿನೊಂದಿಗೆ ಬಂದ. ತಾವು ಅದನ್ನು ಒಮ್ಮೆ ಕಚ್ಚಿ ನೋಡಿ ಎಸೆದು ಥರ್ಮಾಸಿನ ಮುಚ್ಚಳವನ್ನೇ ಕೇಳಿದಿರಿ. ಸ್ನೇಹಲ ಪತ್ರ ಓದಿದಳು, ಬ್ಯಾಗನ್ನು ಮತ್ತೆ ಅಟ್ಟಕ್ಕೇರಿಸಿದಳು. ಆದರೆ ಓದಿದ ಮೇಲೆ ಅದನ್ನು ಅತ್ತೆಯ ಕೈಗೂ ಕೊಟ್ಟಳು. ಕಸ್ತೂರೆವ್ವನ ಆದೇಶ ಹೊರಟಿದೆ: "ನಿಮ್ಮ ಸೋದರಮಾವ ಬೆಳ್ಳಿ ಕಪ್ಪು ತರೂತನಕ ನಿಮಗ ಚಾ ಇಲ್ಲ." ನನ್ನ ಸೋದರಮಾವ, ರಾಯಬಾಗದ ಸತ್ತೆಪ್ಪ, ನನಗೆ ಅನ್ನ ಮುಟ್ಟಿಸಿದ ಶಾಸ್ತ್ರಕ್ಕೆ ಒಂದು ಪಾಯಲಿ ಜೋಳ ಮಾತ್ರ ತಂದಿದ್ದವನು, ತೀರಿಕೊಂಡು ಹನ್ನೊಂದು ವರ್ಷವಾಯಿತು. ಈ ಮನೆಯಲ್ಲಿ ತಮ್ಮ ಅಳುವೊಂದಕ್ಕೇ ಬೆಲೆಯಿರುವುದರಿಂದ, ಸಂಜೆ ಚಹಾದ ಹೊತ್ತಿಗೆ ನನ್ನ ಪರವಾಗಿ ಸ್ವಲ್ಪ ಅಳಬೇಕಾಗಿ ವಿನಂತಿ.